ನಾವು ಬಯಾಸ್ ಬದಲಾಯಿಸಿದ ಪ್ರಸಂಗ

ನಾವು ಕೇಂದ್ರ ಸರ್ಕಾರದ ಗುಮಾಸ್ತರು. 'ನಾವು' ಎಂದು ಬರೆದುಕೊಳ್ಳುವುದು ದೊಡ್ಡಸ್ತಿಕೆಯಿಂದಲ್ಲ. ಹತ್ತೊಂಬತ್ತು ವರ್ಷ ಕಡತಗಳ ಮೇಲೆ ಟಿಪ್ಪಣಿ ಬರೆದ ಕೈಗೆ 'ನಾನು' ಎಂಬ ಪದ ಸುಲಭವಾಗಿ ಬರುವುದಿಲ್ಲ. ಸರ್ಕಾರಿ ಕಾಗದದಲ್ಲಿ ಯಾವ ಕೆಲಸವನ್ನೂ ಯಾರೂ ಒಬ್ಬರೇ ಮಾಡಿರುವುದಿಲ್ಲ. ಕೆಟ್ಟ ಕೆಲಸವನ್ನಂತೂ ಮಾಡಿರುವುದೇ ಇಲ್ಲ.

ಇದರ ಮೇಲೆ ನಾವು ಬಿ.ಎಸ್ಸಿ. ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್. ಈ ಪದವಿ ಕಛೇರಿಯಲ್ಲಿ ಒಂದು ದಿನವೂ ಉಪಯೋಗಕ್ಕೆ ಬಂದದ್ದಿಲ್ಲ. ಆದರೆ ನೆಂಟರಿಷ್ಟರ ಮನೆಗಳಲ್ಲಿ ಮಿಕ್ಸಿ ನಿಂತರೆ, ಟಿ.ವಿ. ಮಂಕಾದರೆ, ಇನ್ವರ್ಟರ್ ಕೂಗಿದರೆ, "ಅವರನ್ನು ಕರೆಯಿರಿ, ಬಿ.ಎಸ್ಸಿ. ಓದಿದ್ದಾರೆ" ಎನ್ನುತ್ತಾರೆ. ನಾವೂ ಸ್ಕ್ರೂಡ್ರೈವರ್ ಹಿಡಿದು ಹೋಗುತ್ತೇವೆ. ಹತ್ತರಲ್ಲಿ ಆರು ಸಲ ಪ್ಲಗ್ಗು ಸಡಿಲವಾಗಿರುತ್ತದೆ. ಅದನ್ನು ಒತ್ತಿ, ಕಾಫಿ ಕುಡಿದು, ಕೀರ್ತಿವಂತರಾಗಿ ಮರಳುತ್ತೇವೆ. ಇಂಥ ಕೀರ್ತಿ ಮನುಷ್ಯನನ್ನು ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದೇ ಈ ಬರಹದ ವಿಷಯ.

ನಮ್ಮ ಮಾವನವರಿಗೆ ಎಂಬತ್ತೊಂದು ವರ್ಷ. ಪೆರಂಬೂರಿನ ಕೋಚ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಅಯನಾವರದಲ್ಲಿ ಸ್ವಂತ ಮನೆ. 2010ರಲ್ಲಿ ಒಂದು ಕಂಪ್ಯೂಟರ್ ಕೊಂಡರು. ಕೋರ್ 2 ಡ್ಯುಯೋ ಪ್ರೊಸೆಸರ್, ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಕನ್ನಡಕ್ಕೆ 'ನುಡಿ'. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಅರವತ್ತೈದು ದಾಟಿದ ಮೇಲೆ ಕಲಿತು, ಎರಡು ಬೆರಳಿನಲ್ಲಿ ಟೈಪು ಮಾಡಲು ಕುಳಿತರು. ಇಂಟರ್ನೆಟ್ಟು ಬೇಡ, ಆಟ ಬೇಡ. ಬೆಳಿಗ್ಗೆ ಐದರಿಂದ ಏಳರವರೆಗೆ ಅವರು ಟೈಪು ಮಾಡುತ್ತಿದ್ದುದು ಅವರ ತಾಯಿಯ ಹಾಡುಗಳನ್ನು.

ಆ ತಾಯಿ ಅರಕಲಗೂಡಿನ ಕಡೆಯವರು. ಮದುವೆಯಾಗಿ ಮದರಾಸಿಗೆ ಬಂದು ಕೊನೆಯವರೆಗೂ ಇಲ್ಲೇ ಇದ್ದರೂ ತಮಿಳು ತರಕಾರಿಯವನ ಜೊತೆಗೆ ಬೇಕಾಗುವಷ್ಟೇ ಬರುತ್ತಿತ್ತಂತೆ. ಆದರೆ ಹಸೆಗೆ ಕರೆಯುವ ಹಾಡು, ಎಣ್ಣೆ ಒತ್ತುವ ಹಾಡು, ಬೀಗರ ಹಾಡು, ಹೆಣ್ಣೊಪ್ಪಿಸುವ ಹಾಡು, ತೊಟ್ಟಿಲ ಹಾಡು ಎಲ್ಲ ಬಾಯಲ್ಲಿತ್ತು. ಮಾವನವರು ಅವನ್ನು ನೋಟುಬುಕ್ಕುಗಳಲ್ಲಿ ಬರೆದಿಟ್ಟಿದ್ದರು. 2015ರ ಡಿಸೆಂಬರಿನ ಮಹಾಮಳೆಯಲ್ಲಿ ಮನೆಗೆ ಮೊಣಕಾಲುದ್ದ ನೀರು ನುಗ್ಗಿ ಬೀರುವಿನ ಕೆಳಖಾನೆಯಲ್ಲಿದ್ದ ಆ ಪುಸ್ತಕಗಳು ಮುದ್ದೆಯಾದವು. ಕಂಪ್ಯೂಟರು ಮೇಜಿನ ಮೇಲಿತ್ತು, ಉಳಿಯಿತು. ಅಂದಿನಿಂದ ಇನ್ನೂರ ಹನ್ನೆರಡು ಹಾಡುಗಳಿಗೆ ಅದೊಂದೇ ಮನೆ.

ಕಳೆದ ಆಷಾಢದಲ್ಲಿ ಒಂದು ಭಾನುವಾರ ಊಟಕ್ಕೆ ಹೋಗಿದ್ದಾಗ ಮಾವನವರು, "ಅಳಿಯಂದಿರೇ, ಈ ನಡುವೆ ಕಂಪ್ಯೂಟರ್ ಬಹಳ ನಿಧಾನವಾಗಿದೆ. ಹಾಡು ತೆರೆಯಿರಿ ಅಂದರೆ ಯೋಚನೆ ಮಾಡುತ್ತೆ. ಬೆಳಿಗ್ಗೆ ಏನೋ ಇಂಗ್ಲಿಷಿನಲ್ಲಿ ಬೇರೆ ಬರುತ್ತೆ" ಎಂದರು. "ಹಳೇ ಯಂತ್ರ, ಮಾವ. ಏನಾದರೂ ಗೊಣಗುತ್ತಿರುತ್ತದೆ" ಎಂದೆವು. ಆ ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ನಾವು ಇಟ್ಟುಕೊಳ್ಳಲಿಲ್ಲ.

ಹೊಸದು ಕೊಳ್ಳಬಹುದಾಗಿತ್ತಲ್ಲ ಎನ್ನಬಹುದು. ಮಾವನವರು ಒಪ್ಪರು. ಅವರು ಟೈಪು ಮಾಡಿದ್ದು ನುಡಿಯ ಹಳೆಯ ಅಕ್ಷರ ಸಂಕೇತದಲ್ಲಿ, ಈಗಿನ ಯೂನಿಕೋಡಿನಲ್ಲಲ್ಲ. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ಸೋಬಾನೆ ಹಾಡು ಲ್ಯಾಟಿನ್ ಮಂತ್ರದಂತೆ ಕಾಣುತ್ತದೆ. ಪರಿವರ್ತಿಸಲು ಸಾಧನಗಳಿವೆ, ಆದರೂ ಅವರಿಗೆ ಆ ಭಯ. ಮೇಲಾಗಿ ಎಕ್ಸ್‌ಪಿಗೆ ತಯಾರಕರು ಬೆಂಬಲ ನಿಲ್ಲಿಸಿದ್ದು 2014ರ ಏಪ್ರಿಲ್ 8ರಂದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೂ ಸಾಮಾನ್ಯ ಬೆಂಬಲ ಮುಗಿಯಿತು. ಮಾವನವರ ವಾದ ಇದು: "ಬೆಂಬಲ ನಿಲ್ಲಿಸಿದರೆ ಏನಂತೆ? ನನಗೂ ಅರವತ್ತಕ್ಕೇ ನಿಲ್ಲಿಸಿದರು. ನಾನು ನಡೀತಾ ಇಲ್ಲವೇ?"

ಆದ್ದರಿಂದ ಇರುವ ಯಂತ್ರಕ್ಕೇ ಕಾಯಕಲ್ಪ ಮಾಡುವುದೆಂದು ತೀರ್ಮಾನಿಸಿದೆವು. ಅದೇ ಕುಳಿಯಲ್ಲಿ ಕೂರುವ, ನಾಲ್ಕು ತಲೆಯ ಕೋರ್ 2 ಕ್ವಾಡ್ ಪ್ರೊಸೆಸರುಗಳು ಹಳೆಯ ಮಾಲಿನಲ್ಲಿ ಅಗ್ಗಕ್ಕೆ ಸಿಗುತ್ತವೆ. ಶನಿವಾರ ರಿಚಿ ಸ್ಟ್ರೀಟಿಗೆ ಹೋಗಿ ಒಂದನ್ನು ತಂದೆವು. ಹಾಕಿದರೆ ಪರದೆ ಕಪ್ಪು. ಹಳೆಯದನ್ನೇ ಮತ್ತೆ ಕೂರಿಸಿದರೆ ಎಲ್ಲ ಸರಿ. ಓದಿ ನೋಡಿದಾಗ ಕಾರಣ ತಿಳಿಯಿತು: ಆ ಮದರ್‌ಬೋರ್ಡಿನ ಬಯಾಸ್‌ಗೆ ಈ ಹೊಸ ಅತಿಥಿಯ ಪರಿಚಯವಿಲ್ಲ. ಬಯಾಸ್ ಬದಲಾಯಿಸಬೇಕು.

ಬಯಾಸ್ ಎಂದರೇನು ಎಂದು ನಮ್ಮಾಕೆ ಕೇಳಿದಳು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಹೇಳುತ್ತೇವೆ. ಕಛೇರಿಗೆ ಎಲ್ಲರಿಗಿಂತ ಮೊದಲು ಬರುವವನು ಬೀಗ ತೆಗೆಯುವ ಕಾವಲುಗಾರ. ಅವನು ದೀಪ ಹಾಕುತ್ತಾನೆ, ಮೇಜು ಕುರ್ಚಿ ನೆಟ್ಟಗಿವೆಯೇ ನೋಡುತ್ತಾನೆ, ಏನಾದರೂ ಒಡೆದಿದ್ದರೆ ಚೀಟಿ ಬರೆದಿಡುತ್ತಾನೆ, ಆಮೇಲೆ ಸಾಹೇಬರನ್ನು ಒಳಗೆ ಬಿಟ್ಟು ಬದಿಗೆ ಸರಿಯುತ್ತಾನೆ. ಕಂಪ್ಯೂಟರಿನಲ್ಲಿ ಆ ಕಾವಲುಗಾರನೇ ಬಯಾಸ್. ಗುಂಡಿ ಒತ್ತಿದೊಡನೆ ಎದ್ದು, ನೆನಪಿನ ಪಟ್ಟಿಗಳಿವೆಯೇ, ಕೀಲಿಮಣೆ ಇದೆಯೇ, ಡಿಸ್ಕು ಇದೆಯೇ ಎಂದು ತಡಕಿ ನೋಡಿ, ವಿಂಡೋಸನ್ನು ಕರೆದು ಯಂತ್ರವನ್ನು ಒಪ್ಪಿಸುತ್ತದೆ. 'ಬೇಸಿಕ್ ಇನ್‌ಪುಟ್ ಔಟ್‌ಪುಟ್ ಸಿಸ್ಟಮ್' ಎಂಬ ಈ ಹೆಸರು ಗ್ಯಾರಿ ಕಿಲ್ಡಾಲ್ ಎಂಬಾತ 1970ರ ದಶಕದ ಮಧ್ಯದಲ್ಲಿ ತನ್ನ ಸಿ.ಪಿ/ಎಂ ವ್ಯವಸ್ಥೆಗೆ ಇಟ್ಟುಕೊಂಡದ್ದು. 1981ರಲ್ಲಿ ಐ.ಬಿ.ಎಂ. ಪಿ.ಸಿ. ಬಂದ ಮೇಲೆ ಅದು ಲೋಕಕ್ಕೆಲ್ಲ ಹಬ್ಬಿತು. ಇದರಲ್ಲಿ ನಮ್ಮ ಊರಿಗೂ ಪಾಲಿದೆ. ಎಷ್ಟೋ ಕಂಪ್ಯೂಟರುಗಳು ಏಳುವಾಗ ತೋರಿಸುವ 'ಅಮೆರಿಕನ್ ಮೆಗಾಟ್ರೆಂಡ್ಸ್' ಎಂಬ ಹೆಸರಿನ ಸಂಸ್ಥೆಯನ್ನು 1985ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಕಟ್ಟಿದವರು ಸುಬ್ರಮೋನಿಯನ್ ಶಂಕರ್ ಮತ್ತು ಪ್ಯಾಟ್ ಶರ್ಮ. ಅದರ ಒಂದು ಶಾಖೆ ಚೆನ್ನೈಯಲ್ಲಿದೆ.

ಈ ಕಾವಲುಗಾರ ವಾಸಿಸುವುದು ಕಿರುಬೆರಳ ಉಗುರಿನಷ್ಟು ದೊಡ್ಡ, ಎಂಟು ಕಾಲಿನ ಒಂದು ಚಿಪ್ಪಿನಲ್ಲಿ. ನಮ್ಮ ಬೋರ್ಡಿನಲ್ಲಿದ್ದದ್ದು ಎಂಟು ಮೆಗಾಬಿಟ್, ಅಂದರೆ ಒಂದು ಮೆಗಾಬೈಟ್. ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಅದರಲ್ಲಿ ಹಿಡಿಸಲಾರದು. ಚಿಪ್ಪಿಗೆ ಒಂದು ಗುಣವಿದೆ: ಹಳೆಯದನ್ನು ಪೂರ್ತಿ ಅಳಿಸದೆ ಹೊಸದನ್ನು ಬರೆಸಿಕೊಳ್ಳುವುದಿಲ್ಲ. ಅಳಿಸಿ ಬರೆಯುವ ಆ ಒಂದೆರಡು ನಿಮಿಷ ಯಂತ್ರಕ್ಕೆ ತಾನು ಯಾರೆಂಬುದು ಗೊತ್ತಿರುವುದಿಲ್ಲ. ಆಗ ಕರೆಂಟು ಹೋದರೆ, ಇಲ್ಲವೇ ಬರೆದದ್ದು ತಪ್ಪಾಗಿದ್ದರೆ, ಮತ್ತೆ ಏಳುವುದಿಲ್ಲ, ಎಬ್ಬಿಸುವವನೇ ಇಲ್ಲವಲ್ಲ. 1999ರ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ವೈರಸ್ ದೇಶದೇಶಗಳಲ್ಲಿ ಅನೇಕ ಕಂಪ್ಯೂಟರುಗಳ ಬಯಾಸನ್ನು ಹೀಗೆಯೇ ಅಳಿಸಿ ಕೊಂದಿತ್ತು. ಅದು ದುರುದ್ದೇಶದಿಂದ ಮಾಡಿದ್ದನ್ನು ನಾವು ಸದುದ್ದೇಶದಿಂದ ಮಾಡಹೊರಟೆವು.

ಮುನ್ನೆಚ್ಚರಿಕೆಯಲ್ಲಿ ಕೊರತೆ ಮಾಡಲಿಲ್ಲ. ಕರೆಂಟಿನ ಭಯಕ್ಕೆ ಸ್ನೇಹಿತರಿಂದ ಯು.ಪಿ.ಎಸ್. ತಂದೆವು. ಫ್ಯಾನು ನಿಲ್ಲಿಸಿದೆವು. ಯಾರೂ ಆ ಕೋಣೆಗೆ ಬರಕೂಡದೆಂದು ಬಾಗಿಲಿಗೆ ಚಿಲಕ ಹಾಕಿದೆವು. ಬೋರ್ಡಿನ ತಯಾರಕರು ಆ ಮಾದರಿಯನ್ನು ಬಿಟ್ಟು ಬಹಳ ವರ್ಷಗಳಾಗಿದ್ದುದರಿಂದ ಬಯಾಸ್ ಕಡತವನ್ನು ಬೇರೆ ಕಡೆ ಹುಡುಕಿ, ಪೆನ್‌ಡ್ರೈವಿನಲ್ಲಿ ತಂದಿದ್ದೆವು. ಕಂಪ್ಯೂಟರ್ ಹಾಕಿದಾಗ ಮಾವನವರು, "ಇಲ್ಲಿ ಎಫ್ 1 ಒತ್ತಬೇಕು, ಆಮೇಲೆ ಹೋಗುತ್ತೆ" ಎಂದು ಹೊರಗಿನಿಂದಲೇ ಕೂಗಿ ಹೇಳಿದರು. ಒತ್ತಿದೆವು. ಹೋಯಿತು.

ಬರೆಯುವ ತಂತ್ರಾಂಶ ಒಮ್ಮೆ ತಡೆಯಿತು: ಈ ಕಡತ ಈ ಬೋರ್ಡಿಗೆ ಹೊಂದುತ್ತಿಲ್ಲ ಎಂದಿತು. ಹೆಸರು ನೋಡಿದೆವು, ಮಾದರಿಯ ಹೆಸರು ಅಕ್ಷರಶಃ ಅದೇ. ಹಳೆಯ ತಂತ್ರಾಂಶದ ಹಠವಿರಬೇಕೆಂದು, ಬಲವಂತವಾಗಿ ಬರೆಯಿಸುವ ಆಜ್ಞೆ ಕೊಟ್ಟೆವು. ಅಳಿಸಿತು, ಬರೆಯಿತು, ಮುಗಿಯಿತು ಎಂದಿತು. ಆರಿಸಿ ಹಾಕಿದೆವು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಇತ್ತು. ಹದಿನೈದು ವರ್ಷ ಬೆಳಿಗ್ಗೆ ಐದಕ್ಕೆ ಆ ಮನೆಯಲ್ಲಿ ಕೇಳುತ್ತಿದ್ದ 'ಕೀಂ' ಶಬ್ದ ಬರಲಿಲ್ಲ.

ನಾಣ್ಯದಂಥ ಬ್ಯಾಟರಿ ತೆಗೆದು ಹಾಕಿದೆವು. ಜಂಪರ್ ಬದಲಿಸಿದೆವು. ನೆನಪಿನ ಪಟ್ಟಿಗಳನ್ನು ಒರೆಸಿದೆವು. ಕೊನೆಗೆ ಟಾರ್ಚು ಹಿಡಿದು ಬಗ್ಗಿ ನೋಡಿದಾಗ ಬೋರ್ಡಿನ ಮೂಲೆಯಲ್ಲಿ, ಧೂಳಿನ ಕೆಳಗೆ, ಬಿಳಿಯ ಪುಟ್ಟ ಅಕ್ಷರಗಳು ಕಂಡವು: ರಿವಿಷನ್ 1.0. ನಾವು ತಂದ ಕಡತ ರಿವಿಷನ್ 1.3ಕ್ಕೆ. ಹೆಸರು ಒಂದೇ, ಬೋರ್ಡು ಬೇರೆ.

ನಾವು ಕಛೇರಿಯಲ್ಲಿ ಮಾಡುವ ಕೆಲಸವೇನೆಂದು ಇಲ್ಲಿ ಹೇಳಬೇಕು. ಜನ ಕೊಟ್ಟ ಅರ್ಜಿ ಈಗ ಜಾರಿಯಲ್ಲಿರುವ ನಮೂನೆಯಲ್ಲೇ ಇದೆಯೇ ಎಂದು ಪರೀಕ್ಷಿಸುವುದು. ನಮೂನೆಯ ತಲೆಯ ಮೇಲೆ 'ಪರಿಷ್ಕೃತ' ಎಂಬ ಪದವಿಲ್ಲದಿದ್ದರೆ ಎಂಥವರದನ್ನೂ ಹಿಂದಿರುಗಿಸಿದ್ದೇವೆ. ತಿರುವಳ್ಳೂರಿನಿಂದ ಎರಡು ಬಸ್ಸು ಬದಲಿಸಿ ಬಂದ ಮುದುಕಿಯೊಬ್ಬಳನ್ನು ಹಾಗೆ ಕಳುಹಿಸಿದ ನೆನಪು ಆ ಕಪ್ಪು ಪರದೆಯ ಮುಂದೆ ಕೂತಾಗ ಬಂತು. ಹಾಗೆಯೇ, ಕಛೇರಿಯಲ್ಲಿ ಒಂದು ಹಾಳೆಯನ್ನೂ ಜೆರಾಕ್ಸ್ ಇಟ್ಟುಕೊಳ್ಳದೆ ಹೊರಗೆ ಬಿಡದ ನಾವು, ಇಲ್ಲಿ ಹಳೆಯ ಬಯಾಸಿನ ಪ್ರತಿ ತೆಗೆದಿಟ್ಟುಕೊಂಡಿರಲಿಲ್ಲ.

ಹೊರಗೆ ಬಂದು, "ಕರೆಂಟಿನ ದೋಷ ಇರಬೇಕು ಮಾವ, ಒಂದೆರಡು ದಿನ ಆಗುತ್ತೆ" ಎಂದೆವು. ಸುಳ್ಳು. "ಆಗಲಿ, ಆಗಲಿ" ಎಂದರು. ಹಾಡುಗಳು ಡಿಸ್ಕಿನಲ್ಲಿರುತ್ತವೆ, ಬಯಾಸ್ ಹೋದರೆ ಅವಕ್ಕೇನೂ ಆಗದು ಎಂಬುದು ನಮಗೆ ಗೊತ್ತಿತ್ತು. ಆದ್ದರಿಂದ ಸುಳ್ಳು ಸಣ್ಣದೆಂದು ಸಮಾಧಾನ ಮಾಡಿಕೊಂಡೆವು.

ಬುಧವಾರ ಅತ್ತೆಯವರು ನಮ್ಮಾಕೆಗೆ ಫೋನು ಮಾಡಿದರು. "ನಿಮ್ಮಪ್ಪ ಈಗಲೂ ಐದಕ್ಕೇ ಎದ್ದು ಆ ಮೇಜಿನ ಮುಂದೆ ಕೂತುಕೊಳ್ಳುತ್ತಾರೆ ಕಣೇ. ಏಳರವರೆಗೆ ಕೂತಿದ್ದು ಎದ್ದು ಬರುತ್ತಾರೆ. ಮಾತಿಲ್ಲ" ಎಂದರಂತೆ. ನಮ್ಮಾಕೆ ಅದನ್ನು ನಮಗೆ ಹೇಳಿ, ಇನ್ನೇನೂ ಹೇಳದೆ ಅಡಿಗೆಮನೆಗೆ ಹೋದಳು. ಏನಾದರೂ ಅಂದಿದ್ದರೆ ಚೆನ್ನಾಗಿತ್ತು.

ಆ ಸಂಜೆ ಕಛೇರಿಯಿಂದ ನೇರ ಅಯನಾವರಕ್ಕೆ ಹೋದೆವು. ಅಲ್ಲಿ 'ನಾವು' ಎನ್ನಲು ಆಗಲಿಲ್ಲ. "ಮಾವ, ಕರೆಂಟಿನ ದೋಷವಲ್ಲ. ನಾನೇ ಕೆಡಿಸಿದ್ದು. ಸರಿಯಾಗಿ ನೋಡದೆ ಬೇರೆ ಬೋರ್ಡಿನದನ್ನು ಬರೆದುಬಿಟ್ಟೆ" ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಡು ಇದೆಯಾ?" ಎಂದು ಮಾತ್ರ ಕೇಳಿದರು. "ಇದೆ" ಎಂದೆವು. "ಹಾಗಾದರೆ ಕಾಫಿ ಕುಡಿಯಿರಿ" ಎಂದರು.

ಶನಿವಾರ ಪೆಟ್ಟಿಗೆಯನ್ನು ಆಟೋದಲ್ಲಿಟ್ಟುಕೊಂಡು ಮತ್ತೆ ರಿಚಿ ಸ್ಟ್ರೀಟು. ಚೆನ್ನೈಯಲ್ಲಿರುವ ನಮ್ಮವರಿಗೆ ಈ ಬೀದಿಯನ್ನು ವರ್ಣಿಸಬೇಕಾಗಿಲ್ಲ. ಮೌಂಟ್ ರೋಡಿನಿಂದ ಚಿಂತಾದ್ರಿಪೇಟೆಯ ಕಡೆಗೆ ತಿರುಗಿದರೆ, ಎರಡು ಕಡೆಯಿಂದಲೂ ವೈರು, ಕ್ಯಾಮೆರಾ, ಕೀಲಿಮಣೆಗಳು ನಮ್ಮ ಮೇಲೆ ಬೀಳಲು ಸಿದ್ಧವಾಗಿರುತ್ತವೆ. ಲೋಕ ಬೆಂಬಲ ನಿಲ್ಲಿಸಿದ ಪ್ರತಿಯೊಂದು ವಸ್ತುವಿಗೂ ಅಲ್ಲಿ ಯಾರೋ ಒಬ್ಬ ಬೆಂಬಲಿಗ ಇರುತ್ತಾನೆ. ನಮಗೆ ಸಿಕ್ಕಿದವನು ಒಂದು ಮಹಡಿ ಮೇಲೆ, ಮೆಟ್ಟಿಲ ಕೆಳಗಿನಷ್ಟು ಜಾಗದಲ್ಲಿ ಕುಳಿತಿದ್ದ ಇಪ್ಪತ್ತೈದರ ಹುಡುಗ.

ನಮ್ಮ ಕಥೆ ಕೇಳಿ ಅವನು ಕೇಳಿದ ಮೊದಲ ಪ್ರಶ್ನೆ: "ಬ್ಯಾಕಪ್ ಎಡುತ್ತೀಂಗಳಾ ಸಾರ್?" ಇಲ್ಲವೆಂದು ತಲೆಯಾಡಿಸಿದೆವು. ಅವನು ಬೈಯಲಿಲ್ಲ. ಬೆಂಕಿಪೊಟ್ಟಣದಷ್ಟು ದೊಡ್ಡ ಪ್ರೋಗ್ರಾಮರ್ ತೆಗೆದು, ಅದರ ಇಕ್ಕಳವನ್ನು ಆ ಎಂಟು ಕಾಲಿನ ಚಿಪ್ಪಿಗೆ ಕಚ್ಚಿಸಿದ. ಮೊದಲು ಅದರಲ್ಲಿದ್ದದ್ದನ್ನು ಎರಡು ಸಲ ಓದಿ, ಎರಡೂ ಒಂದೇ ಇವೆಯೇ ಎಂದು ಹೋಲಿಸಿ, ತನ್ನಲ್ಲಿ ಉಳಿಸಿಕೊಂಡ. "ಇದು ತಪ್ಪು ಬಯಾಸ್ ಅಲ್ಲವೇನಪ್ಪ, ಇದಕ್ಕೇಕೆ ಪ್ರತಿ?" ಎಂದರೆ, "ತಪ್ಪಾದರೂ ಸಾರ್, ಅಳಿಸುವುದಕ್ಕೆ ಮುಂಚೆ ಏನಿತ್ತು ಅಂತ ಗೊತ್ತಿರಬೇಕು" ಎಂದ. ನಮ್ಮ ಕಛೇರಿಯಲ್ಲಿ ಇಂಥ ಒಬ್ಬ ಮೇಲಧಿಕಾರಿಯನ್ನು ನಾವು ಕಂಡಿಲ್ಲ.

ಆಮೇಲೆ ಬೋರ್ಡಿನ ಮೂಲೆಯ ಧೂಳನ್ನು ಬ್ರಷ್ಷಿನಿಂದ ಒರೆಸಿ, ರಿವಿಷನ್ ಓದಿ, ತನ್ನ ಸಂಗ್ರಹದಿಂದ 1.0ರ ಕಡತ ಹುಡುಕಿ ಬರೆದ. ಬರೆದದ್ದನ್ನು ಮತ್ತೆ ಓದಿ ತಾಳೆ ನೋಡಿದ. ಎಲ್ಲ ಸೇರಿ ಹತ್ತು ನಿಮಿಷ. ಗುಂಡಿ ಒತ್ತಿದ. 'ಕೀಂ' ಎಂದಿತು. ನಮ್ಮ ಕಣ್ಣು ಒದ್ದೆಯಾಯಿತೆಂದರೆ ಓದುಗರು ನಗಬಾರದು.

ಪರದೆಯ ಮೇಲೆ ಒಂದು ಸಾಲು ಬಂದು ನಿಂತಿತು. ನಾವು ಅಭ್ಯಾಸಬಲದಿಂದ, "ಅಲ್ಲಿ ಎಫ್ 1 ಒತ್ತಬೇಕು, ಹೋಗುತ್ತೆ" ಎಂದೆವು. ಹುಡುಗ ಒತ್ತಲಿಲ್ಲ. ಓದಿದ. "ಸ್ಮಾರ್ಟ್ ಸ್ಟೇಟಸ್ ಬ್ಯಾಡ್, ಬ್ಯಾಕಪ್ ಅಂಡ್ ರಿಪ್ಲೇಸ್. ಸಾರ್, ಇದು ಎಷ್ಟು ದಿನದಿಂದ ಬರುತ್ತಿದೆ?"

ಮಾವನವರಿಗೆ ಫೋನು ಮಾಡಿದೆವು. "ಯುಗಾದಿಯಿಂದ ಬರ್ತಾ ಇದೆಯಲ್ಲ, ನಿಮಗೆ ಹೇಳಿದ್ದೆನಲ್ಲ" ಎಂದರು.

ಸ್ಮಾರ್ಟ್ ಎಂಬುದು ಡಿಸ್ಕು ತನ್ನ ನಾಡಿಯನ್ನು ತಾನೇ ನೋಡಿಕೊಳ್ಳುವ ವಿಧಾನ. ಓದಲಾಗದ ಜಾಗಗಳು ಹೆಚ್ಚಾದಾಗ ಅದು ಬಯಾಸ್‌ಗೆ ಹೇಳುತ್ತದೆ. ಬಯಾಸ್ ನಮಗೆ ಹೇಳುತ್ತದೆ. ಯಂತ್ರ ನಿಧಾನವಾದದ್ದು ಪ್ರೊಸೆಸರಿನಿಂದಲ್ಲ. ಡಿಸ್ಕು ಸಾಯುತ್ತಿತ್ತು, ಓದಲಾಗದ ಜಾಗವನ್ನು ಮತ್ತೆ ಮತ್ತೆ ಓದಲು ಹೆಣಗುತ್ತಿತ್ತು. ಕಾವಲುಗಾರ ಯುಗಾದಿಯಿಂದ ದಿನವೂ ಬೆಳಿಗ್ಗೆ ಐದಕ್ಕೆ ಚೀಟಿ ಬರೆದಿಟ್ಟು, "ಸ್ವಾಮಿ, ಉಗ್ರಾಣದ ಗೋಡೆ ಕುಸಿಯುತ್ತಿದೆ, ಸಾಮಾನು ಸಾಗಿಸಿ" ಎನ್ನುತ್ತಿದ್ದ. ನಾವು ಚೀಟಿ ಓದಲಿಲ್ಲ, ಕಾವಲುಗಾರನನ್ನೇ ಬದಲಾಯಿಸಿದೆವು. "ಹಾಡು ಇದೆಯಾ" ಎಂದವರಿಗೆ "ಇದೆ" ಎಂದು ಧೈರ್ಯವಾಗಿ ಹೇಳಿಯೂ ಬಂದಿದ್ದೆವು.

ಹುಡುಗ ಡಿಸ್ಕನ್ನು ಬಿಚ್ಚಿ, ಹೊಸದೊಂದಕ್ಕೆ ಇಳಿಸಲು ಹಚ್ಚಿದ. ಸೋಮವಾರ ಸಂಜೆ ಕೈಗೆ ಕೊಟ್ಟ. ಇನ್ನೂರ ಹನ್ನೆರಡರಲ್ಲಿ ಇನ್ನೂರ ಮೂರು ಬಂದಿದ್ದವು. ಒಂಬತ್ತು ಬರಲಿಲ್ಲ. "ಮೂರು ತಿಂಗಳ ಹಿಂದೆ ತಂದಿದ್ದರೆ ಎಲ್ಲ ಬರುತ್ತಿತ್ತೋ ಏನೋ ಸಾರ್" ಎಂದ. ನಾಲ್ಕು ತಲೆಯ ಪ್ರೊಸೆಸರನ್ನು ಹಾಕಿಕೊಡಲೇ ಎಂದೂ ಕೇಳಿದ. ಬೇಡವೆಂದೆವು. ಅದು ಈಗ ನಮ್ಮ ಕಛೇರಿಯ ಮೇಜಿನ ಮೇಲೆ ಕಾಗದ ಹಾರದಂತೆ ಕೂತಿದೆ. ಹೊಸ ಡಿಸ್ಕಿನೊಡನೆ ಹಳೆಯ ಯಂತ್ರ ಹುಡುಗನಂತೆ ಓಡುತ್ತಿದೆ. ಬ್ಯಾಟರಿ ಹೊಸದಾಗಿದ್ದರಿಂದ ಗಡಿಯಾರ 2009ಕ್ಕೆ ಹೋಗಿ ನಿಂತಿತ್ತು; ಅದನ್ನು ಮಾವನವರೇ ಸರಿಮಾಡಿದರು.

ಈಗ ಭಾನುವಾರ ಬೆಳಿಗ್ಗೆ ಐದಕ್ಕೆ ನಾವೂ ಅಯನಾವರದಲ್ಲಿರುತ್ತೇವೆ. ಅವರು ನೆನಪು ಮಾಡಿಕೊಂಡು ಹೇಳುತ್ತಾರೆ, ನಾವು ಟೈಪು ಮಾಡುತ್ತೇವೆ. ಒಂಬತ್ತರಲ್ಲಿ ಏಳು ಅವರ ನೆನಪಿನಲ್ಲೇ ಇದ್ದವು. ಒಂದನ್ನು ಅರಕಲಗೂಡಿನಲ್ಲಿರುವ ಅವರ ಅಕ್ಕ ಫೋನಿನಲ್ಲಿ ಹಾಡಿ ಹೇಳಿದರು. ಎಂಬತ್ತಾರು ವರ್ಷದ ಧ್ವನಿ, ಒಂದು ಸೊಲ್ಲೂ ತಪ್ಪಲಿಲ್ಲ. ಕೆಲಸ ಮುಗಿದ ಮೇಲೆ ಮೂರು ಪ್ರತಿ ತೆಗೆಯುತ್ತೇವೆ: ಒಂದು ಅವರ ಮನೆಯಲ್ಲಿ, ಒಂದು ನಮ್ಮಲ್ಲಿ, ಒಂದು ಬೆಂಗಳೂರಿನ ಮೈದುನನಲ್ಲಿ. ಯೂನಿಕೋಡಿಗೂ ಬದಲಾಯಿಸುತ್ತಿದ್ದೇವೆ, ಪ್ರತಿ ಹಾಡನ್ನೂ ಮಾವನವರು ಒತ್ತಕ್ಷರ ಸಮೇತ ಪರೀಕ್ಷಿಸಿದ ಮೇಲೆಯೇ.

ಒಂಬತ್ತನೆಯ ಹಾಡು ಮಾತ್ರ ಅರ್ಧಕ್ಕೆ ನಿಂತಿದೆ. ಅದು ಹೆಣ್ಣೊಪ್ಪಿಸುವಾಗ ಹೇಳುವ ಹಾಡು. ಹುಡುಗಿ ತವರಿನ ಒಂದೊಂದು ವಸ್ತುವಿಗೂ ಹೋಗಿಬರುತ್ತೇನೆಂದು ಹೇಳುತ್ತಾ ಬರುತ್ತಾಳೆ: ಹಿತ್ತಲ ಮಲ್ಲಿಗೆಗೆ, ಕೊಟ್ಟಿಗೆಯ ಕರುವಿಗೆ, ಬಾವಿಯ ಗಡಗಡೆಗೆ, ಒಲೆಗೆ. ಕೊನೆಗೆ ಹೊಸಿಲಿಗೆ ಬರುತ್ತಾಳೆ. ಹೊಸಿಲಿಗೆ ಅವಳು ಏನು ಹೇಳುತ್ತಾಳೆಂಬುದು ಮಾವನವರಿಗೂ ನೆನಪಿಲ್ಲ, ಅವರ ಅಕ್ಕನಿಗೂ ಇಲ್ಲ. ಅಲ್ಲಿ ಚುಕ್ಕೆಗಳ ಸಾಲು ಹಾಕಿಸಿದ್ದಾರೆ. ಹಾಸನದ ಕಡೆಯ ಹಿರಿಯರು ಯಾರಿಗಾದರೂ ಈ ಹಾಡು ಗೊತ್ತಿದ್ದರೆ ಸಂಘದ ಕಛೇರಿಗೆ ದಯವಿಟ್ಟು ತಿಳಿಸಬೇಕು. ನಾವು ಅವರ ಮನೆಗೇ ಬಂದು ಬರೆದುಕೊಳ್ಳುತ್ತೇವೆ. ಸ್ಕ್ರೂಡ್ರೈವರ್ ತರುವುದಿಲ್ಲ.